125 ಕೋಟಿ ವರ್ಷ ಕಾದವರು ಯಾರು?

ಪೊಟ್ಯಾಸಿಯಂ-40ರ ಅರ್ಧಾಯು ಸುಮಾರು 125 ಕೋಟಿ ವರ್ಷ ಎಂದು ಕಪ್ಪುಹಲಗೆಯ ಮೇಲೆ ಬರೆದ ಕೂಡಲೇ ಚುರುಕಾದ ವಿದ್ಯಾರ್ಥಿ ಕೇಳಬಹುದು: “ಅಷ್ಟು ವರ್ಷ ಕಾದು ನೋಡಿದವರು ಯಾರು ಸಾರ್?” ಪ್ರಶಿಕ್ಷಣಾರ್ಥಿಯು “ವಿಜ್ಞಾನಿಗಳು ಕಂಡುಹಿಡಿದಿದ್ದಾರೆ” ಎಂದು ಮುಂದೆ ಸಾಗಿದರೆ ಪಾಠದ ತಿರುಳೇ ಕೈತಪ್ಪುತ್ತದೆ.

ಯಾರೂ ಕಾಯಲಿಲ್ಲ, ಎಣಿಸಿದರು. ಸಾಮಾನ್ಯ ಪೊಟ್ಯಾಸಿಯಂನ ಹತ್ತು ಸಾವಿರ ಪರಮಾಣುಗಳಲ್ಲಿ ಈ ಸಮಸ್ಥಾನಿಯ ಪಾಲು ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೂ ಒಂದು ಗ್ರಾಂನಲ್ಲಿ ಅವುಗಳ ಸಂಖ್ಯೆ 18ರ ಮುಂದೆ 17 ಸೊನ್ನೆ ಇಟ್ಟಷ್ಟು. ಅವುಗಳಲ್ಲಿ ಸೆಕೆಂಡಿಗೆ ಸುಮಾರು 31 ಕ್ಷಯಿಸುತ್ತವೆ. ಈ 31ನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ, ಒಂದು ಪರಮಾಣು ಒಂದು ಸೆಕೆಂಡಿನಲ್ಲಿ ಕ್ಷಯಿಸುವ ಸಂಭವ ಸಿಗುತ್ತದೆ. 0.693ನ್ನು ಆ ಸಂಭವದಿಂದ ಭಾಗಿಸಿದರೆ ಅರ್ಧಾಯು, ಸೆಕೆಂಡುಗಳಲ್ಲಿ. ವರ್ಷಕ್ಕೆ 3.15 ಕೋಟಿ ಸೆಕೆಂಡು ಎಂದು ಹಿಡಿದು ಮಕ್ಕಳೇ ಲೆಕ್ಕ ಮಾಡಲಿ. ಉತ್ತರ 125 ಕೋಟಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ.

‘ಅರ್ಧಾಯು’ ಪದದಲ್ಲೇ ಒಂದು ತೊಡಕಿದೆ. ‘ಆಯು’ ಎಂದೊಡನೆ ಪರಮಾಣುವಿಗೂ ಮುಪ್ಪು ಬರುತ್ತದೆ, ಎರಡು ಅರ್ಧಾಯು ಕಳೆದರೆ ಎಲ್ಲವೂ ಮುಗಿಯುತ್ತದೆ ಎಂದು ಮಕ್ಕಳು ಭಾವಿಸುತ್ತಾರೆ. ಪರಮಾಣುವಿಗೆ ಮುಪ್ಪಿಲ್ಲ. ನೂರು ನಾಣ್ಯ ಚಿಮ್ಮಿಸಿ, ಮುಖ ಮೇಲಾದವನ್ನು ತೆಗೆದು, ಉಳಿದವನ್ನು ಮತ್ತೆ ಚಿಮ್ಮಿಸಲಿ. ಎರಡನೆಯ ಸುತ್ತಿನ ನಂತರವೂ ಸುಮಾರು ಕಾಲುಭಾಗ ಉಳಿದಿರುತ್ತದೆ. ಈ ಚಟುವಟಿಕೆಗೆ ಹದಿನೈದು ನಿಮಿಷ ಕೊಟ್ಟರೂ ನಷ್ಟವಿಲ್ಲ.

ಇನ್ನು ಉಪಯೋಗ. ಕ್ಷಯಿಸಿದ ನೂರರಲ್ಲಿ ಸುಮಾರು 89 ಕ್ಯಾಲ್ಸಿಯಂ-40 ಆಗುತ್ತವೆ, 11 ಆರ್ಗಾನ್-40 ಆಗುತ್ತವೆ. ಬಂಡೆಯಲ್ಲಿ ಕ್ಯಾಲ್ಸಿಯಂ ಮೊದಲೇ ಹೇರಳವಾಗಿರುವುದರಿಂದ ಹೊಸದಾಗಿ ಸೇರಿದ್ದನ್ನು ಗುರುತಿಸುವುದು ಕಷ್ಟ. ಆರ್ಗಾನ್ ಹಾಗಲ್ಲ. ಕರಗಿದ ಲಾವಾದಿಂದ ಅನಿಲವಾಗಿ ಹಾರಿಹೋಗುತ್ತದೆ. ಲಾವಾ ಗಟ್ಟಿಯಾದ ಮೇಲೆ ಹುಟ್ಟಿದ್ದು ಹರಳುಗಳೊಳಗೇ ಸಿಕ್ಕಿಬೀಳುತ್ತದೆ. ಆಗ ಗಡಿಯಾರ ಸೊನ್ನೆಯಿಂದ ಶುರು. ಬೆಳಗಾವಿ, ವಿಜಯಪುರ ಕಡೆಯ ಕಪ್ಪು ಬಸಾಲ್ಟ್ ಸೇರಿದ ದಖ್ಖನ್ ಲಾವಾಸ್ತರಗಳಿಗೆ ಸುಮಾರು 6.6 ಕೋಟಿ ವರ್ಷ ಎಂದು ಹೇಳಲು ನೆರವಾದದ್ದು ಈ ಗಡಿಯಾರದ ಸುಧಾರಿತ ರೂಪವಾದ ಆರ್ಗಾನ್-ಆರ್ಗಾನ್ ವಿಧಾನ. ಬಂಡೆ ಮುಂದೆಂದೋ ಮತ್ತೆ ಬಿಸಿಯಾದರೆ ಆರ್ಗಾನ್ ಸೋರಿ, ವಯಸ್ಸು ಕಡಿಮೆ ತೋರುತ್ತದೆ. ಇದನ್ನೂ ತರಗತಿಯಲ್ಲಿ ಹೇಳಬೇಕು.

ಕಾಲೇಜಿನಲ್ಲಿ ಗೀಗರ್ ಎಣಿಕೆಯಂತ್ರವಿದ್ದರೆ ಪೊಟ್ಯಾಸಿಯಂ ಕ್ಲೋರೈಡ್ ಪುಡಿಯನ್ನು ತಟ್ಟೆಯಲ್ಲಿ ಹರಡಿ ಅದರ ಬಳಿ ಇಡಿ. ಅಡುಗೆ ಉಪ್ಪಿನ ತಟ್ಟೆಯೊಂದಿಗೆ ಹೋಲಿಸಿ. ಯಂತ್ರ ಕ್ಷಯಗಳಲ್ಲಿ ಒಂದಂಶವನ್ನಷ್ಟೇ ಹಿಡಿಯುವುದರಿಂದ 31 ಎಂಬ ಅಂಕಿಯನ್ನು ನೀವೇ ಕೊಡಬೇಕಾಗುತ್ತದೆ.