ವ್ಯಾಪಾರ ಪತ್ರಗಳ ಯಂತ್ರಾನುವಾದ: ಉಪಯೋಗ ಮತ್ತು ಎಚ್ಚರಿಕೆ

ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳು ತೆಲಂಗಾಣದ ಗಡಿಗೆ ಹೊಂದಿಕೊಂಡಿವೆ. ವಾಡಿ ಜಂಕ್ಷನ್ನಿನಿಂದ ಸೊಲ್ಲಾಪುರ, ಗುಂತಕಲ್ಲು ಮತ್ತು ಸಿಕಂದರಾಬಾದಿನ ಕಡೆಗೆ ರೈಲು ಮಾರ್ಗಗಳು ಕವಲೊಡೆಯುತ್ತವೆ. ಆದ್ದರಿಂದ ಚಿತ್ತಾಪುರದ ಅಡತಿ ಅಂಗಡಿಗಾಗಲಿ ಶಹಾಬಾದಿನ ಕಲ್ಲಿನ ಘಟಕಕ್ಕಾಗಲಿ ತೆಲುಗಿನ ಬೇಡಿಕೆ, ಮರಾಠಿಯ ಪತ್ರ, ಇಂಗ್ಲಿಷಿನ ನೋಟಿಸು ಬರುವುದು ಸಾಮಾನ್ಯ ಸಂಗತಿ. ಇವುಗಳನ್ನು ಓದಲು ಯಂತ್ರಾನುವಾದವು ಈಗ ಎಲ್ಲರ ಕೈಗೆಟುಕಿದೆ. ಗೂಗಲ್ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ. ಕೇಂದ್ರ ಸರ್ಕಾರದ 'ಭಾಷಿಣಿ' 2022ರಲ್ಲಿ ಆರಂಭವಾಯಿತು.

ಈ ಸಾಧನಗಳು ಸರಕನ್ನು ಬಲ್ಲವಲ್ಲ. ಹಿಂದೆ ಅನುವಾದಗೊಂಡ ಅಪಾರ ಸಂಖ್ಯೆಯ ವಾಕ್ಯಗಳಿಂದ ಕಲಿತು, ಹೆಚ್ಚು ಸಂಭವನೀಯವಾದ ಪದವನ್ನು ಆರಿಸುತ್ತವೆ. ದಿನಬಳಕೆಯ ವಾಕ್ಯಕ್ಕೆ ಇದು ಸಾಕು. ಕಸುಬಿನ ಪದಕ್ಕೆ ಸಾಲದು.

ಎರಡು ಉದಾಹರಣೆಗಳನ್ನು ಗಮನಿಸಬಹುದು. ತೆಲುಗಿನಲ್ಲಿ 'ಕಂದುಲು' ಎಂದರೆ ತೊಗರಿ, 'ಕಂದಿಪಪ್ಪು' ಎಂದರೆ ತೊಗರಿ ಬೇಳೆ. ಇವೆರಡರ ದರ ಬೇರೆ ಬೇರೆ. ಇನ್ನು ಇಂಗ್ಲಿಷಿನ 'ಲೈಮ್‌ಸ್ಟೋನ್' ಎಂಬ ಒಂದೇ ಪದವು ಶಹಾಬಾದಿನ ಹಾಸುಗಲ್ಲಿಗೂ ಸಲ್ಲುತ್ತದೆ, ಸಿಮೆಂಟ್ ಕಾರ್ಖಾನೆಯ ಕಚ್ಚಾ ಸುಣ್ಣದ ಕಲ್ಲಿಗೂ ಸಲ್ಲುತ್ತದೆ. ಆದರೆ ಎಚ್‌ಎಸ್‌ಎನ್ ಪಟ್ಟಿಯಲ್ಲಿ ಸುಣ್ಣ ಅಥವಾ ಸಿಮೆಂಟ್ ತಯಾರಿಕೆಗೆ ಬಳಸುವ ಕಲ್ಲು 2521ರಲ್ಲಿದೆ. ಕಟ್ಟಡಕ್ಕೆಂದು ಬರಿದೇ ಚಪ್ಪಡಿಯಾಗಿ ಕತ್ತರಿಸಿದ ಸುಣ್ಣಜಾತಿಯ ಕಲ್ಲು 2515ರಲ್ಲಿದೆ. ಪಾಲಿಶ್ ಮಾಡಿದ ಕಟ್ಟಡದ ಕಲ್ಲು 6802ಕ್ಕೆ ಸೇರುತ್ತದೆ. ಅನುವಾದದ ಪದವನ್ನು ನಂಬಿ ಬಿಲ್ಲಿನಲ್ಲಿ ಸಂಕೇತ ನಮೂದಿಸಿದರೆ ತೆರಿಗೆಯ ಲೆಕ್ಕವೇ ತಪ್ಪಬಹುದು.

ಯಂತ್ರವು ತಪ್ಪಾಗಿ ಅನುವಾದಿಸಿತು ಎಂಬ ಸಮಜಾಯಿಷಿಯಿಂದ ಸಹಿ ಮಾಡಿದವರ ಹೊಣೆ ತಪ್ಪುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 22ನೆಯ ಕಲಮಿನಂತೆ, ಸಂಗತಿಯ ಬಗ್ಗೆ ಒಬ್ಬ ಪಕ್ಷಕಾರನಿಗೆ ಮಾತ್ರ ತಪ್ಪು ತಿಳಿವಳಿಕೆ ಇತ್ತೆಂಬ ಕಾರಣದಿಂದಲೇ ಕರಾರನ್ನು ರದ್ದುಪಡಿಸಲು ಬರುವುದಿಲ್ಲ. ನಷ್ಟವನ್ನು ಓದಿದವನೇ ಭರಿಸಬೇಕಾಗುತ್ತದೆ.

ಆದ್ದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಕ್ಷೇಮಕರ:

1. ಯಂತ್ರಾನುವಾದವನ್ನು ವಿಷಯ ತಿಳಿಯಲು ಮಾತ್ರ ಬಳಸಿರಿ. ಸಹಿಗೆ ಮುನ್ನ ಆ ಭಾಷೆ ಬಲ್ಲವರಿಂದ ಮೂಲ ಪತ್ರವನ್ನೇ ಓದಿಸಿರಿ.

2. ಸಂಖ್ಯೆ, ದಿನಾಂಕ, ಅಳತೆಗಳನ್ನು ಮೂಲದೊಂದಿಗೆ ತಾಳೆ ನೋಡಿರಿ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. ಹಣ ಪಾವತಿಯ ಅವಧಿಯು ಬಿಲ್ಲಿನ ದಿನದಿಂದಲೋ, ಸರಕು ತಲುಪಿದ ದಿನದಿಂದಲೋ ಎಂಬುದನ್ನು ಖಚಿತಪಡಿಸಿಕೊಳ್ಳಿರಿ.

3. ನಿಮ್ಮ ಕಸುಬಿನ ಐವತ್ತು ಪದಗಳಿಗೆ ಕನ್ನಡ, ತೆಲುಗು, ಮರಾಠಿ, ಹಿಂದಿ ಮತ್ತು ಇಂಗ್ಲಿಷಿನ ಸಮಾನ ಪದಗಳನ್ನು ಬರೆದು ಗುಮಾಸ್ತರಿಗೆ ಕೊಡಿರಿ. ಪಕ್ಕದಲ್ಲಿ ಎಚ್‌ಎಸ್‌ಎನ್ ಸಂಕೇತವೂ ಇರಲಿ. ಆದರೆ ತೊಗರಿ ಇಡಿಯಾಗಿದ್ದರೂ ಬೇಳೆಯಾಗಿದ್ದರೂ ಪಟ್ಟಿಯಲ್ಲಿ 0713ರಲ್ಲೇ ಬರುವುದರಿಂದ, ಸಂಕೇತದ ಜೊತೆಗೆ ಸರಕಿನ ವಿವರಣೆಯೂ ಅಗತ್ಯ.

4. ಬ್ಯಾಂಕ್ ಖಾತೆ, ಪ್ಯಾನ್, ಗ್ರಾಹಕರ ಹೆಸರು ಇರುವ ಪತ್ರಗಳನ್ನು ಉಚಿತ ತಾಣಗಳಿಗೆ ಇಡಿಯಾಗಿ ಹಾಕಬೇಡಿರಿ. ಆ ವಿವರಗಳನ್ನು ತೆಗೆದು ಉಳಿದದ್ದನ್ನು ಮಾತ್ರ ಹಾಕಿರಿ.

5. ಒಪ್ಪಂದವು ಎರಡು ಭಾಷೆಗಳಲ್ಲಿದ್ದರೆ, ವ್ಯತ್ಯಾಸ ಬಂದಾಗ ಯಾವ ಪ್ರತಿ ಅಂತಿಮ ಎಂಬುದನ್ನು ಅದರಲ್ಲಿಯೇ ಬರೆಸಿರಿ.

ಇಷ್ಟು ಎಚ್ಚರ ವಹಿಸಿದಲ್ಲಿ, ಭಾಷೆ ಬಾರದೆಂದು ದೂರದ ಗಿರಾಕಿಯನ್ನು ಕೈಬಿಡುವ ಪ್ರಸಂಗ ನಮ್ಮ ವರ್ತಕ ಬಾಂಧವರಿಗೆ ಒದಗಲಾರದು.