ಕೆಸರಿನಿಂದ ಕಡಲಿನ ಚರಿತ್ರೆಗೆ: ಸೂಕ್ಷ್ಮ ಪಳೆಯುಳಿಕೆಗಳ ಪಾಠವನ್ನು ಬೋಧಿಸುವ ಬಗೆ

ಪಳೆಯುಳಿಕೆಯ ಪಾಠವೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳ ಬೋಧನೋಪಕರಣಗಳಲ್ಲಿ ಡೈನೋಸಾರಿನ ಚಿತ್ರ ಇದ್ದೇ ಇರುತ್ತದೆ. ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ನಾನು ಗಮನಿಸಿರುವುದೇನೆಂದರೆ, “ಇದು ಎಷ್ಟು ಹಳೆಯದು?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ, “ಇದು ನಮಗೆ ಗೊತ್ತಾದದ್ದು ಹೇಗೆ?” ಎಂಬ ಪ್ರಶ್ನೆ ಅಪರೂಪಕ್ಕೆ ಬರುತ್ತದೆ. ಎರಡನೆಯ ಪ್ರಶ್ನೆಯನ್ನು ತರಗತಿಗೆ ತರಲು ಸಮುದ್ರತಳದ ಸೂಕ್ಷ್ಮ ಪಳೆಯುಳಿಕೆಗಳು ಒಳ್ಳೆಯ ವಸ್ತು. ಪ್ರಾಚೀನ ಕಡಲಿನ ಉತ್ಪಾದಕತೆಯನ್ನು ಅವುಗಳಿಂದ ಹೇಗೆ ಅಂದಾಜು ಮಾಡುತ್ತಾರೆ, ಅದನ್ನು ಪ್ರೌಢಶಾಲೆಯಲ್ಲಿ ಹೇಗೆ ಬೋಧಿಸಬಹುದು ಎಂಬುದನ್ನು ಅರಬ್ಬಿ ಸಮುದ್ರದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸುತ್ತೇನೆ.

ಪೂರ್ವಜ್ಞಾನ

ಸಮುದ್ರದ ಉತ್ಪಾದಕತೆ ಎಂದರೆ ಅಲ್ಲಿನ ಸಸ್ಯಪ್ಲವಕಗಳು ದ್ಯುತಿಸಂಶ್ಲೇಷಣೆಯಿಂದ ಆಹಾರ ತಯಾರಿಸುವ ಪ್ರಮಾಣ. ಹೊಲದ ಇಳುವರಿಗೆ ಗೊಬ್ಬರ ಬೇಕಾದಂತೆ ಕಡಲಿಗೆ ನೈಟ್ರೇಟ್, ಫಾಸ್ಫೇಟ್ ಬೇಕು. ಇವು ಆಳದ ತಣ್ಣನೆಯ ನೀರಿನಲ್ಲಿ ಹೆಚ್ಚು, ಬೆಳಕಿರುವುದು ಮೇಲ್ಪದರದಲ್ಲಿ. ಆಳದ ನೀರು ಮೇಲೆ ಬಂದ ಕಡೆ ಕಡಲು ಸಮೃದ್ಧವಾಗುತ್ತದೆ.

ನೈಋತ್ಯ ಮಾನ್ಸೂನ್ ಗಾಳಿ ಒಮಾನ್ ಮತ್ತು ಸೊಮಾಲಿಯಾ ತೀರಗಳಿಗೆ ಹೆಚ್ಚುಕಡಿಮೆ ಸಮಾಂತರವಾಗಿ ಬೀಸುತ್ತದೆ. ಭೂಭ್ರಮಣದ ಕಾರಣ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ತೀರದಿಂದ ದೂರಕ್ಕೆ ಸರಿಯುತ್ತದೆ. ಆ ಜಾಗ ತುಂಬಲು ಆಳದ ನೀರು ಮೇಲೇಳುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಇಂಥ ಏರಿಕೆ ಸೌಮ್ಯವಾಗಿ ನಡೆಯುತ್ತದೆ. ಪ್ಲವಕಗಳನ್ನು ತಿಂದು ಬದುಕುವ ಬೂತಾಯಿ ಮೀನನ್ನು ಬಲ್ಲ ಕರಾವಳಿಯ ಮಕ್ಕಳಿಗೆ ಪೀಠಿಕೆಯನ್ನು ಅಲ್ಲಿಂದಲೇ ಆರಂಭಿಸಬಹುದು.

ವಿಷಯ ವಿವರಣೆ

ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳಲ್ಲಿ ಹಲವು ಪ್ರಭೇದಗಳು ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಚಿಪ್ಪುಗಳು ತಳಕ್ಕಿಳಿದು ಕೆಸರಿನಲ್ಲಿ ಪದರ ಪದರವಾಗಿ ಸೇರುತ್ತವೆ. ಇವುಗಳಲ್ಲಿ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬುದು ಸಾಮಾನ್ಯವಾಗಿ ತಂಪು ಕಡಲುಗಳ ಜೀವಿ. ಬೆಚ್ಚನೆಯ ಅರಬ್ಬಿ ಸಮುದ್ರದಲ್ಲಿ ಅದು ಹೇರಳವಾಗುವುದು ಆಳದ ನೀರು ಮೇಲೆ ಬಂದು ಆಹಾರ ಹೆಚ್ಚಿದಾಗ.

ಇದು ಬರಿಯ ಊಹೆಯಲ್ಲ. ನೀರಿನಲ್ಲಿ ಇಳಿಬಿಟ್ಟ ಸಂಗ್ರಾಹಕಗಳಲ್ಲಿ ಮೇಲಿನಿಂದ ಬೀಳುವ ಕಣಗಳನ್ನು ತಿಂಗಳುಗಟ್ಟಲೆ ಹಿಡಿದು ಪರೀಕ್ಷಿಸಲಾಗಿದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯ 1986ರಲ್ಲಿ ಆರಂಭಿಸಿದ ಇಂಥ ಅಧ್ಯಯನವು, ತಳಕ್ಕೆ ಬೀಳುವ ಕಣಗಳ ಪ್ರಮಾಣ ಮಾನ್ಸೂನಿನೊಂದಿಗೆ ಏರುವುದನ್ನು ತೋರಿಸಿತು. ಒಮಾನ್ ಕಡೆಯ ಸಂಗ್ರಾಹಕಗಳಲ್ಲಿ ಬುಲಾಯ್ಡಿಸ್ ಚಿಪ್ಪುಗಳೂ ನೈಋತ್ಯ ಮಾನ್ಸೂನಿನಲ್ಲೇ ಹೆಚ್ಚಾಗಿ ಬಿದ್ದವು. ಇಂದು ಕಂಡ ಈ ಸಂಬಂಧವೇ ನಿನ್ನೆಯನ್ನು ಓದುವ ಕೀಲಿ.

1987ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಒಮಾನ್ ತೀರದಾಚೆ ಸಮುದ್ರತಳವನ್ನು ಕೊರೆದು ಕೆಸರಿನ ಉದ್ದನೆಯ ಕಂಬಗಳನ್ನು ತೆಗೆಯಿತು. ಇಂಥ ಕಂಬದಿಂದ ಪದರವಾರು ಮಾದರಿ ತೆಗೆದು, ತೊಳೆದು, ಸಣ್ಣ ಜರಡಿಯಲ್ಲಿ ಸೋಸಿ, ಸೂಕ್ಷ್ಮದರ್ಶಕದಡಿ ನೂರಾರು ಚಿಪ್ಪುಗಳನ್ನು ಎಣಿಸುತ್ತಾರೆ. ಚಿಪ್ಪಿನ ಕಾರ್ಬನ್-14ರಿಂದ ಪದರದ ವಯಸ್ಸು ತಿಳಿಯುತ್ತದೆ. ಈ ಎಣಿಕೆಗಳ ಪ್ರಕಾರ ಕೊನೆಯ ಹಿಮಯುಗದ ಕಾಲದಲ್ಲಿ ಬುಲಾಯ್ಡಿಸ್ ಪಾಲು ಕಡಿಮೆ. ಸುಮಾರು 10,000ದಿಂದ 8,000 ವರ್ಷಗಳ ಹಿಂದೆ ಹೆಚ್ಚು. ಆನಂತರ ಏರಿಳಿತಗಳೊಂದಿಗೆ ಇಳಿಕೆ. ಇಂದು ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಅದು ಉತ್ತರ ಗೋಳಾರ್ಧದ ಬೇಸಿಗೆಯ ಆಸುಪಾಸಿನಲ್ಲಿತ್ತು. ಆಗ ಏಷ್ಯಾದ ನೆಲ ಹೆಚ್ಚು ಕಾದು ಮಾನ್ಸೂನ್ ಗಾಳಿ ಬಲವಾಗಿತ್ತು ಎಂಬ ವಿವರಣೆಗೆ ಚಿಪ್ಪುಗಳ ಎಣಿಕೆ ಹೊಂದುತ್ತದೆ.

ಕಪ್ಪುಹಲಗೆಯ ಮೇಲೆ

ಪಾಠದ ತಿರುಳು ಒಂದು ಸರಪಳಿಯಲ್ಲಿದೆ: ಗಾಳಿ – ಮೇಲೇಳುವ ನೀರು – ಸಸ್ಯಪ್ಲವಕ – ಬುಲಾಯ್ಡಿಸ್ – ಕೆಸರು. ನಿಸರ್ಗ ಇದನ್ನು ಎಡದಿಂದ ಬಲಕ್ಕೆ ನಡೆಸುತ್ತದೆ. ವಿಜ್ಞಾನಿ ಬಲದಿಂದ ಎಡಕ್ಕೆ ಓದುತ್ತಾನೆ. ಹಿಂದಕ್ಕೆ ಓದುವಾಗ ಪ್ರತಿ ಕೊಂಡಿಯಲ್ಲೂ “ಬೇರೆ ಕಾರಣ ಇರಬಹುದೇ?” ಎಂದು ಮಕ್ಕಳಿಂದ ಕೇಳಿಸಬೇಕು. ತೆಳು ಚಿಪ್ಪುಗಳು ಕರಗಿಹೋಗಿರಬಹುದು. ಹೀಗಾಗಿಯೇ ಒಂದೇ ಸಾಕ್ಷಿಯನ್ನು ನಂಬದೆ ತಳದಲ್ಲಿ ಬದುಕುವ ಫೊರಾಮಿನಿಫೆರಾ, ಡಯಾಟಮ್‌ಗಳ ಸಿಲಿಕಾ ಚಿಪ್ಪು, ಕೆಸರಿನ ಸಾವಯವ ಇಂಗಾಲ ಇವುಗಳನ್ನೂ ನೋಡುತ್ತಾರೆ. ಇನ್ನೊಂದು ಎಚ್ಚರಿಕೆ: ಈ ಚಿಪ್ಪು ಹೇಳುವುದು ಒಮಾನ್ ತೀರದ ಗಾಳಿ ಮತ್ತು ನೀರಿನ ಏರಿಕೆಯ ಕಥೆ. ಅದರಿಂದ ನಮ್ಮ ಊರಿನ ಅಂದಿನ ಮಳೆ ಇಷ್ಟು ಎಂದು ಹೇಳಲಾಗದು.

ತರಗತಿ ಚಟುವಟಿಕೆ

ಹೆಸರುಕಾಳನ್ನು ಬುಲಾಯ್ಡಿಸ್ ಎಂದೂ ಕಡಲೆಯನ್ನು ಉಳಿದ ಪ್ರಭೇದಗಳೆಂದೂ ಇಟ್ಟುಕೊಳ್ಳಿ. ಮೊದಲ ತಟ್ಟೆಯಲ್ಲಿ 20 ಹೆಸರುಕಾಳು, 80 ಕಡಲೆ. ಎರಡನೆಯದರಲ್ಲಿ 20 ಹೆಸರುಕಾಳು, 30 ಕಡಲೆ. ಗುಂಪುಗಳು ಎಣಿಸಿ ಶೇಕಡಾ ಲೆಕ್ಕ ಹಾಕಲಿ. ಮೊದಲನೆಯದು ಶೇ. 20, ಎರಡನೆಯದು ಶೇ. 40. “ಹೆಸರುಕಾಳು ಹೆಚ್ಚಾಯಿತೇ?” ಎಂದು ಆಗ ಕೇಳಿ. ಶೇಕಡಾ ಇಮ್ಮಡಿಯಾಗಿದೆ, ಕಾಳು ಅಷ್ಟೇ ಇವೆ. ಹಾಗಾದರೆ ಇನ್ನೇನು ತಿಳಿಯಬೇಕು? ಇಷ್ಟು ಜಾಗದಲ್ಲಿ, ಇಷ್ಟು ವರ್ಷಗಳಲ್ಲಿ ಎಷ್ಟು ಚಿಪ್ಪು ಬಿದ್ದವು ಎಂಬುದು. ಈ ಉತ್ತರವನ್ನು ಶಿಕ್ಷಕರು ಹೇಳಿಬಿಡದೆ ಮಕ್ಕಳೇ ತಲುಪಲು ಐದು ನಿಮಿಷ ಬಿಡುವುದು ಒಳ್ಳೆಯದು.

ಮೌಲ್ಯಮಾಪನ

“ಬುಲಾಯ್ಡಿಸ್ ಎಂದರೇನು?” ಎಂಬ ಪ್ರಶ್ನೆ ನೆನಪನ್ನು ಮಾತ್ರ ಅಳೆಯುತ್ತದೆ. ನಾನು ಸೂಚಿಸುವ ಪ್ರಶ್ನೆಗಳು ಮೂರು: ಇದರಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು? ಊಹೆಯನ್ನು ಬೆಂಬಲಿಸುವ ಇಂದಿನ ವೀಕ್ಷಣೆ ಯಾವುದು? ಯಾವ ಸಾಕ್ಷಿ ಸಿಕ್ಕರೆ ತೀರ್ಮಾನ ಬದಲಿಸುತ್ತೀರಿ? ಪಾಠ ವೀಕ್ಷಿಸುವ ಮಾರ್ಗದರ್ಶಕರೂ ತಮ್ಮ ಟಿಪ್ಪಣಿಯಲ್ಲಿ ಈ ಮೂರನ್ನೇ ಹುಡುಕಲಿ. ಹವಾಮಾನ ಬದಲಾವಣೆಯ ಸುದ್ದಿಯನ್ನು ದಿನವೂ ಕೇಳುವ ಮಕ್ಕಳಿಗೆ, ಒಂದು ಹೇಳಿಕೆಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ತೂಗಿ ನೋಡುವ ಅಭ್ಯಾಸ ಇಂಥ ಪಾಠದಿಂದಲೇ ಬರಬೇಕು.