ಚಿಪ್ಪಿನೊಳಗಣ ಗಳಿಗೆಬಟ್ಟಲು

ಪರಿಚಿತರಾದ ಕೃಷಿಕರೊಬ್ಬರು ತಮ್ಮ ತೋಟದ ಅಂಚಿನಲ್ಲಿ ನಿಲ್ಲಿಸಿದ್ದ ಮಳೆಮಾಪಕವು, ಒಂದು ಮುಂಗಾರಿನ ಮಳೆಯಷ್ಟನ್ನೂ ಲೋಪವಿಲ್ಲದೆ ಅಳೆದೂ, ಅದೆಲ್ಲವೂ 2000ನೆಯ ಇಸವಿ ಜನವರಿ 1ರ ಮಧ್ಯರಾತ್ರಿ, ಸೊನ್ನೆ ಗಂಟೆ ಸೊನ್ನೆ ನಿಮಿಷಕ್ಕೇ ಸುರಿದುಹೋಯಿತೆಂದು ಬರೆದಿಟ್ಟಿತ್ತು. ಪ್ರಳಯದ ವರ್ಣನೆಗಳಲ್ಲಿಯೂ ಇಂತಹ ಕ್ಷಿಪ್ರವರ್ಷ ವಿರಳ. ಅಳತೆಯ ಭಾಗ ನಿರ್ದುಷ್ಟವಾಗಿಯೇ ಇತ್ತು; ತಪ್ಪಿದ್ದು ಹೊತ್ತು ಹೇಳುವ ಪುಟ್ಟ ಚಿಪ್ಪು. ವಿದ್ಯುತ್ತು ಹೋದಾಗ ಅದನ್ನು ಸಲಹಬೇಕಾದ ಬಟನ್ ಸೆಲ್ ಬರಿದಾಗಿತ್ತು. ವಿದ್ಯುತ್ತು ಮರಳಿದೊಡನೆ ಚಿಪ್ಪು, ತನ್ನ ಜಾತಿಯ ಸ್ವಭಾವಕ್ಕನುಗುಣವಾಗಿ, ಆದಿಯ ದಿನಾಂಕಕ್ಕೆ ಹಿಂದಿರುಗಿ, ಚಲಿಸೆಂಬ ಅಪ್ಪಣೆಗಾಗಿ ಕಾಯುತ್ತ ನಿಂತಿತು. ಅಂತಹ ಅಪ್ಪಣೆಯೊಂದನ್ನು ಕೊಡಬೇಕೆಂಬುದು ಪ್ರೋಗ್ರಾಂ ಬರೆದವರಿಗೆ ಹೊಳೆದಿರಲಿಲ್ಲ.

ಈ ಚಿಪ್ಪಿಗೆ ರಿಯಲ್ ಟೈಮ್ ಕ್ಲಾಕ್ ಎಂದು ಹೆಸರು. ಕಸುಬಿನವರು ಆರ್‌ಟಿಸಿ ಎನ್ನುತ್ತಾರೆ. (ನಮ್ಮ ಹಳ್ಳಿಗಳಲ್ಲಿ ಆರ್‌ಟಿಸಿ ಎಂದರೆ ಪಹಣಿ. ಅದು ಭೂಮಿಯ ಲೆಕ್ಕ, ಇದು ಕಾಲದ ಲೆಕ್ಕ. ಎರಡರಲ್ಲಿಯೂ ಒಮ್ಮೆ ನುಸುಳಿದ ತಪ್ಪನ್ನು ತಿದ್ದಿಸುವುದು ಪ್ರಯಾಸವೇ.) ಹಿಂದಿನ ಕಾಲದ ಮದುವೆಮನೆಗಳಲ್ಲಿ ಮುಹೂರ್ತ ನೋಡಲು ನೀರಿನ ಮೇಲೆ ತೇಲಿಬಿಡುತ್ತಿದ್ದ ಗಳಿಗೆಬಟ್ಟಲಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ: ಒಂದೇ ಸಮನಾಗಿ ಮರುಕಳಿಸುವ ಒಂದು ಘಟನೆ, ಅದನ್ನು ಬೇಸರವಿಲ್ಲದೆ ಎಣಿಸುವ ಒಬ್ಬ ಕಾವಲುಗಾರ, ಇಷ್ಟೇ. ಬಟ್ಟಲು ಮುಳುಗಲು 24 ನಿಮಿಷ ಬೇಕಾದರೆ, ಇಲ್ಲಿ ಶ್ರುತಿಕವೆಯ ಆಕಾರದಲ್ಲಿ ಕೊರೆದ ಕ್ವಾರ್ಟ್ಸ್ ಹರಳೊಂದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುವುದರಿಂದ, ಹದಿನೈದು ಸರಳ ಮಂಡಲಗಳ ಸಾಲೊಂದು ಹರಳಿನ ನಡುಕವನ್ನು ಸೆಕೆಂಡಿನ ಹೆಜ್ಜೆಯಾಗಿಸಬಲ್ಲುದು.

ಹರಳಿಗೆ ಒಂದು ದೌರ್ಬಲ್ಯವುಂಟು. ಅದು 25 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಅತ್ಯಂತ ವೇಗವಾಗಿ ಕಂಪಿಸುವಂತೆ ಕೊರೆಯಲ್ಪಟ್ಟಿರುವುದಾದಕಾರಣ, ಅಲ್ಲಿಂದ ಉಷ್ಣ ಏರಿದರೂ ನಿಧಾನವಾಗುತ್ತದೆ, ಇಳಿದರೂ ನಿಧಾನವಾಗುತ್ತದೆ. ಹಗಲಿನ ಬಿಸಿಲಿನಲ್ಲಿ ಕಳೆದುಕೊಂಡುದನ್ನು ರಾತ್ರಿಯ ತಂಪಿನಲ್ಲಿ ಗಳಿಸಿಕೊಳ್ಳುವ ಸಂಭವವೇ ಇಲ್ಲ. ಇಳಿಕೆಯು ಅಂತರದ ವರ್ಗಕ್ಕೆ ಅನುಗುಣವಾಗಿರುತ್ತದೆ: ಅಂತರದ ಡಿಗ್ರಿಗಳನ್ನು ಅದರಿಂದಲೇ ಗುಣಿಸಿ, ಬಂದುದನ್ನು ಸುಮಾರು 0.034ರಿಂದ ಗುಣಿಸಿದರೆ ದಶಲಕ್ಷಕ್ಕೆ ಎಷ್ಟು ಪಾಲು ಹಿಂದುಳಿಯಿತೆಂಬುದು ತಿಳಿಯುತ್ತದೆ. ರಾಯಚೂರಿನ ಬೇಸಗೆಯಲ್ಲಿ ಬಯಲಿನಲ್ಲಿಟ್ಟ ತಗಡಿನ ಪೆಟ್ಟಿಗೆಯ ಒಳಗು 60 ಡಿಗ್ರಿಗೆ ಕಾದಿತೆನ್ನೋಣ. ಅಂತರ 35, ಹಿಂದುಳಿದದ್ದು ದಶಲಕ್ಷಕ್ಕೆ 42 ಪಾಲು, ಎಂದರೆ ಅದೇ ಕಾವಿನಲ್ಲಿ ದಿನವೊಂದಕ್ಕೆ ಮೂರೂವರೆ ಸೆಕೆಂಡಿಗೂ ಮಿಗಿಲು. ಇದಲ್ಲದೆ ಹರಳು ಹುಟ್ಟುವಾಗಲೇ ಹೊತ್ತುತಂದ ದೋಷ ಬೇರೆ. ಸಾಮಾನ್ಯ ಹರಳುಗಳಲ್ಲಿ ಅದು ದಶಲಕ್ಷಕ್ಕೆ 20 ಪಾಲಿನವರೆಗೆ, ಅಂದರೆ ತಿಂಗಳಿಗೆ ಐವತ್ತು ಸೆಕೆಂಡುಗಳಷ್ಟು, ಹೆಚ್ಚಾಗಿಯೋ ಕಡಮೆಯಾಗಿಯೋ ಇರಬಹುದು.

ಆದುದರಿಂದ ಚಿಪ್ಪನ್ನು ಆರಿಸುವವನು ಡೇಟಾಶೀಟಿನ ಮೊದಲ ಪುಟವನ್ನು ಓದುವುದಕ್ಕೆ ಮುಂಚೆ, ತನ್ನ ಯಂತ್ರ ಎಲ್ಲಿ ಬಾಳಲಿದೆ, ಎಷ್ಟು ಕಾಲ ವಿದ್ಯುತ್ತಿಲ್ಲದೆ ಇರಬೇಕಾಗುವುದು ಎಂಬೆರಡನ್ನು ವಿಚಾರಿಸಿಕೊಳ್ಳಬೇಕೆಂಬುದು ನನ್ನ ಮತ. ಡಿಎಸ್1307 ಎಂಬುದು ಬಹುಕಾಲದಿಂದ ವಿದ್ಯಾರ್ಥಿಗಳ ಕೈಯಲ್ಲಿ ಓಡಾಡಿದ ಅಗ್ಗದ ಚಿಪ್ಪು. ನಮ್ಮ ಮಳೆಮಾಪಕದಲ್ಲಿದ್ದುದೂ ಅದೇ. ಅದಕ್ಕೆ ಹರಳನ್ನು ಹೊರಗಿನಿಂದ ಜೋಡಿಸಬೇಕು, 5 ವೋಲ್ಟ್ ಒದಗಿಸಬೇಕು (ಇಂದಿನ ಮೈಕ್ರೋಕಂಟ್ರೋಲರುಗಳಲ್ಲಿ ಬಹುಪಾಲು 3.3 ವೋಲ್ಟಿನವು), ಮತ್ತು ಉಷ್ಣದ ವಿಷಯದಲ್ಲಿ ಅದು ಸಂಪೂರ್ಣ ನಿರ್ಲಿಪ್ತ. ಡಿಎಸ್3231 ಹಾಗಲ್ಲ. ಹರಳನ್ನು ತನ್ನ ಒಡಲಲ್ಲಿಯೇ ಇರಿಸಿಕೊಂಡು, 64 ಸೆಕೆಂಡುಗಳಿಗೊಮ್ಮೆ ತನ್ನ ಮೈಯ ಉಷ್ಣವನ್ನು ತಾನೇ ನೋಡಿ, ಆ ಉಷ್ಣಕ್ಕೆ ಹರಳು ಎಷ್ಟು ಆಲಸ್ಯ ತೋರುವುದೆಂಬ ಪಟ್ಟಿಯನ್ನು ಪರಾಮರ್ಶಿಸಿ, ಹರಳಿಗೆ ಅಂಟಿದ ಸೂಕ್ಷ್ಮ ಕೆಪಾಸಿಟರುಗಳನ್ನು ಹೆಚ್ಚುಕಡಮೆ ಮಾಡಿ ಕಂಪನವನ್ನು ಸರಿದಾರಿಗೆ ತರುತ್ತದೆ. ಸೊನ್ನೆಯಿಂದ 40 ಡಿಗ್ರಿಯವರೆಗೆ ಅದರ ತಪ್ಪು ದಶಲಕ್ಷಕ್ಕೆ ಎರಡೇ ಪಾಲು, ವರ್ಷಕ್ಕೆ ಒಂದು ನಿಮಿಷದಷ್ಟು. ಕಾದ ತಗಡಿನ ಪೆಟ್ಟಿಗೆಯಲ್ಲಿಯೂ ಮೂರೂವರೆ ಪಾಲನ್ನು ಮೀರದು. ಬೆಲೆ ಹೆಚ್ಚು, ನಿಜ. ಆದರೆ ಬಯಲಿನಲ್ಲಿ ನಿಲ್ಲುವ ಯಂತ್ರಕ್ಕೆ ಇದಕ್ಕಿಂತ ಕಡಮೆಯದನ್ನು ಹಾಕುವುದು ಉಳಿತಾಯವೆಂದು ನನಗೆ ತೋರುವುದಿಲ್ಲ. ಗೋಡೆಯೊಳಗೆ, ಇಂಟರ್ನೆಟ್ಟಿಗೆ ಜೋಡಿಸಿಕೊಂಡು ದಿನಕ್ಕೊಮ್ಮೆ ಹೊತ್ತನ್ನು ತಿದ್ದಿಕೊಳ್ಳುವ ಯಂತ್ರಕ್ಕಾದರೋ ಅಗ್ಗದ ಚಿಪ್ಪೇ ಧಾರಾಳ.

ಸೆಲ್ಲಿನ ಲೆಕ್ಕ ಬೇರೊಂದು ಬಗೆಯದು. ಸಿಆರ್2032 ಎಂಬ ಬಿಲ್ಲೆಯಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆಗಳ ಶಕ್ತಿಯಿದೆ. ಡಿಎಸ್1307 ಸೆಲ್ಲಿನಿಂದ ಎಳೆಯುವುದು ಹೆಚ್ಚೆಂದರೆ ಅರ್ಧ ಮೈಕ್ರೋಆಂಪಿಯರ್. ಭಾಗಿಸಿ ನೋಡಿದರೆ ಐವತ್ತು ವರ್ಷ ಬರುತ್ತದೆ, ಆದರೆ ಸೆಲ್ಲು ಅಷ್ಟು ದೀರ್ಘಾಯುವಲ್ಲ. ಅದು ಉಪಯೋಗಿಸದೆಯೇ ಒಳಗೊಳಗೇ ಕ್ಷಯಿಸುತ್ತದೆ. ಆರ್‌ವಿ-3028 ಎಂಬ ಹೊಸ ಚಿಪ್ಪು 45 ನ್ಯಾನೋಆಂಪಿಯರಿನಲ್ಲಿಯೇ ತೃಪ್ತವಾಗುತ್ತದೆಂಬುದು ಅಂಥ ಸೆಲ್ಲಿನ ಪಕ್ಕದಲ್ಲಿ ಶೋಭೆಯ ಮಾತಷ್ಟೆ. ಸೆಲ್ಲನ್ನೇ ಬಿಟ್ಟು ಸಣ್ಣ ಕೆಪಾಸಿಟರಿನ ಆಸರೆಯಲ್ಲಿ ಹೊತ್ತು ಕಾಯಬೇಕಾದ ಕಡೆ ಮಾತ್ರ ಅದರ ಮಿತಾಹಾರಕ್ಕೆ ನಿಜವಾದ ಬೆಲೆ.

ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯುವ ಡಿಎಸ್3231ರ ಅಗ್ಗದ ಬೋರ್ಡುಗಳಲ್ಲಿ ಒಂದು ಅಪಾಯ ಅಡಗಿದೆ. ಮರುಚಾರ್ಜು ಮಾಡಬಲ್ಲ ಸೆಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು, ಡಯೋಡ್ ಒಂದು ಹಾಗೂ 200 ಓಮ್ ರೆಸಿಸ್ಟರ್ ಒಂದರ ಮೂಲಕ ಸೆಲ್ಲಿಗೆ ವಿದ್ಯುತ್ತು ತುಂಬುವ ಏರ್ಪಾಡು ಅವುಗಳಲ್ಲಿ ಹಲವಕ್ಕಿದೆ. ಕೊಂಡವರು ಇದನ್ನರಿಯದೆ ಸಾಮಾನ್ಯ ಸಿಆರ್2032 ಕೂರಿಸಿ 5 ವೋಲ್ಟಿಗೆ ಜೋಡಿಸಿದರೆ, ಚಾರ್ಜು ಆಗಬಾರದ ಸೆಲ್ಲಿಗೆ ಬಲಾತ್ಕಾರವಾಗಿ ಚಾರ್ಜು ಹತ್ತಿ ಅದು ಉಬ್ಬಬಹುದು, ಸೋರಬಹುದು. ಬೆಸುಗೆಯ ಕಡ್ಡಿಯಿಂದ ಆ ರೆಸಿಸ್ಟರನ್ನು ಕಿತ್ತುಬಿಟ್ಟರೆ ತೀರಿತು.

ನಮ್ಮ ಕೃಷಿಕ ಮಿತ್ರರ ಪೆಟ್ಟಿಗೆಯಲ್ಲಿ ಈಗ ಡಿಎಸ್3231 ಇದೆ. ಹರಳು ಎಂದಾದರೂ ನಿಂತುಹೋಗಿದ್ದರೆ ಅದನ್ನು ನೆನಪಿಟ್ಟುಕೊಳ್ಳುವ ಒಂದು ಬಿಟ್ ಅದರಲ್ಲಿದ್ದು, ಪ್ರೋಗ್ರಾಂ ಪ್ರತಿ ಸಲ ಎಚ್ಚರಗೊಂಡಾಗಲೂ ಮೊದಲು ಅದನ್ನೇ ಓದುತ್ತದೆ. ಬಿಟ್ ಎದ್ದಿದ್ದರೆ ಮಳೆಯ ಅಳತೆಯನ್ನು ಬರೆದು, ಹೊತ್ತಿನ ಸ್ಥಾನವನ್ನು ಖಾಲಿ ಬಿಡುತ್ತದೆ.